ಹಳೆಯ ಟ್ರ್ಯಾಕ್ಟರಿನ ಬ್ರೇಕ್: ಬಿಗಿಸುವುದೋ, ಬಿಚ್ಚುವುದೋ, ಬದಲಿಸುವುದೋ?

ತುಳುನಾಡಿನಲ್ಲಿ ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆ ಕಳೆದು ಪಡುವಣದ ಆಕಾಶ ಕಪ್ಪಾಗುತ್ತಿದ್ದಂತೆ ನಮ್ಮ ಊರುಗಳಲ್ಲಿ ಎಲ್ಲರಿಗೂ ಒಮ್ಮೆಗೇ ಟ್ರ್ಯಾಕ್ಟರಿನ ನೆನಪಾಗುತ್ತದೆ. ಸುಗ್ಗಿ ಬೇಸಾಯ ಮುಗಿದಂದಿನಿಂದ ಕೊಟ್ಟಿಗೆಯ ಬದಿಯಲ್ಲಿ ನಿಂತಿದ್ದ ಗಾಡಿಯ ಮೇಲಿನ ಟರ್ಪಾಲು ಸರಿಸಿ, ಬ್ಯಾಟರಿ ಚಾರ್ಜು ಮಾಡಿಸಿ, ಅಂಗಳದ ಇಳಿಜಾರಿನಲ್ಲಿ ಇಳಿಸುತ್ತಾ ಬ್ರೇಕ್ ಮೆಟ್ಟಿದರೆ ಪೆಡಲ್ ಕಾಲಿನ ಜೊತೆಯಲ್ಲೇ ಕೆಳಗೆ ಹೋಗುತ್ತದೆ. ಮೆಕ್ಯಾನಿಕ್ಕಿಗೆ ಫೋನು ಹೋಗುತ್ತದೆ. ಅವನು ಅಷ್ಟರಲ್ಲಿ ಮೂರು ಊರಿನ ಮೂವರಿಗೆ "ಇಗೋ ಹೊರಟೆ" ಎಂದಿರುತ್ತಾನೆ, ನೀವು ನಾಲ್ಕನೆಯವರು. ಅಂತೂ ಬಂದವನು ಗಾಡಿಯಡಿ ತೂರಿ, ಒಂದು ನಟ್ಟು ನಾಲ್ಕು ಸುತ್ತು ಬಿಗಿಸಿ, "ಈ ಸಲಕ್ಕೆ ಸಾಕು ಮಾರಾಯರೇ" ಎಂದು ಬೈಕ್ ಹತ್ತುತ್ತಾನೆ.

ಸಾಕೋ ಸಾಲದೋ ಎಂದು ನಾವೇ ತಿಳಿದುಕೊಳ್ಳುವುದು ಹೇಗೆ ಎಂಬುದೇ ಇಲ್ಲಿನ ವಿಷಯ. ನಮ್ಮ ಮುಂದಿರುವ ದಾರಿಗಳು ನಾಲ್ಕು: ಇದ್ದದ್ದನ್ನೇ ಬಿಗಿಸುವುದು, ಬಿಚ್ಚಿ ಹಳೆಯ ಶೂಗೆ ಹೊಸ ಲೈನಿಂಗ್ (ಉಜ್ಜಿ ಹಿಡಿಯುವ ಪದರ) ಕಟ್ಟಿಸುವುದು, ಶೂ ಡ್ರಮ್ ಎಲ್ಲವನ್ನೂ ಹೊಸತಾಗಿ ಹಾಕುವುದು, ಇಲ್ಲವೇ ಇದರ ಸಹವಾಸವೇ ಬೇಡವೆಂದು ಆಯಿಲ್ ಬ್ರೇಕಿನ ಗಾಡಿಗೆ ಹೋಗುವುದು. ಶಿರ್ವದ ಹತ್ತಿರ ನನ್ನಲ್ಲಿರುವುದು ಮ್ಯಾಸಿ 35ರ ವಂಶದ ಹಳೆಯ ಗಾಡಿ, ಮೂರನೆಯ ಕೈಯಿಂದ ಬಂದದ್ದು. ಕಿನ್ನಿಗೋಳಿಯಲ್ಲಿರುವ ಭಾವನದು ಮಹೀಂದ್ರದ ಬಿ-275. ಮೊದಲ ಮೂರು ದಾರಿಗಳನ್ನು ನಾನು ನಡೆದು ನೋಡಿದ್ದೇನೆ, ನಾಲ್ಕನೆಯದರ ಬಾಗಿಲವರೆಗೆ ಹೋಗಿ ಹಿಂದೆ ಬಂದಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಘಟ್ಟದ ಮೇಲಿನ ಒಣ ಹೊಲದಲ್ಲಿ ಟ್ರ್ಯಾಕ್ಟರಿನ ಬ್ರೇಕ್ ಸವೆದು ಸಾಯುತ್ತದೆ. ನಮ್ಮಲ್ಲಿ ಅದು ಒದ್ದೆಯಾಗಿ ಸಾಯುತ್ತದೆ. ಹೊರಗಿನಿಂದ ಕೆಸರು ನೀರು, ಒಳಗಿನಿಂದ ಗೇರ್ ಎಣ್ಣೆ. ಹಾಗಾಗಿ ಪೆಡಲ್ ಎಷ್ಟು ಇಳಿಯುತ್ತದೆ ಎಂದು ಅಳೆದು ರಿಪೇರಿ ಆರಿಸುವುದಕ್ಕಿಂತ, ಡ್ರಮ್ಮಿನೊಳಗೆ ಏನು ಒದ್ದೆಯಾಗಿದೆ ಎಂದು ನೋಡಿ ಆರಿಸುವುದು ಇಲ್ಲಿಗೆ ಒಪ್ಪುತ್ತದೆ.

ನಿಮ್ಮದು ಯಾವ ಬ್ರೇಕ್?

ಹಳೆಯ ಗಾಡಿಗಳಲ್ಲಿ ಮುಖ್ಯವಾಗಿ ಎರಡು ಕುಲ. ಮ್ಯಾಸಿ 35ರಂಥವುಗಳಲ್ಲಿ ಹಿಂದಿನ ಚಕ್ರದ ಒಳಬದಿಯಲ್ಲಿಯೇ 14 ಇಂಚಿನ ದೊಡ್ಡ ಡ್ರಮ್ ಇರುತ್ತದೆ. ಅದರೊಳಗೆ ಅರ್ಧಚಂದ್ರದಂಥ ಎರಡು ಶೂಗಳು. ಪೆಡಲ್ ಮೆಟ್ಟಿದಾಗ ಒಂದು ಕ್ಯಾಮ್ ತಿರುಗಿ ಅವುಗಳನ್ನು ಹೊರಕ್ಕೆ ತಳ್ಳುತ್ತದೆ. ಚಕ್ರ ಸುತ್ತುವ ವೇಗದಲ್ಲಿಯೇ ಡ್ರಮ್ಮೂ ಸುತ್ತುವುದರಿಂದ ಗಾಡಿಯನ್ನು ಹಿಡಿದು ನಿಲ್ಲಿಸುವ ಭಾರವೆಲ್ಲ ನೇರವಾಗಿ ಅದರ ಮೇಲೆಯೇ ಬೀಳುತ್ತದೆ. ಅದಕ್ಕೇ ಆ ಗಾತ್ರ.

ಇನ್ನೊಂದು ಕುಲ ಒಣ ಡಿಸ್ಕಿನದು. 1960ರ ದಶಕದಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರಿನ ಸಹಯೋಗದಲ್ಲಿ ಮಹೀಂದ್ರದವರು ತಂದ ಬಿ-275ರಲ್ಲಿ ಇರುವುದು ಇದು. ಡಿಫರೆನ್ಷಿಯಲ್‌ನಿಂದ ಹೊರಡುವ ಶಾಫ್ಟಿನ ಮೇಲೆ ಎರಡು ಲೈನಿಂಗ್ ತಟ್ಟೆಗಳು, ಅವುಗಳ ನಡುವೆ ಒಂದಕ್ಕೊಂದು ಅಂಟಿ ಕುಳಿತ ಎರಡು ಕಬ್ಬಿಣದ ತಟ್ಟೆಗಳು. ಈ ಕಬ್ಬಿಣದ ತಟ್ಟೆಗಳಲ್ಲಿ ಇಳಿಜಾರಾದ ಗುಳಿಗಳಿದ್ದು, ಗುಳಿಗಳಲ್ಲಿ ಉಕ್ಕಿನ ಗುಂಡುಗಳು ಕೂತಿರುತ್ತವೆ. ಪೆಡಲ್ ಮೆಟ್ಟಿದರೆ ತಟ್ಟೆಗಳು ಒಂದಕ್ಕೊಂದು ವಿರುದ್ಧವಾಗಿ ತುಸು ತಿರುಗುತ್ತವೆ, ಗುಂಡುಗಳು ಗುಳಿಯ ಇಳಿಜಾರು ಹತ್ತುತ್ತವೆ, ತಟ್ಟೆಗಳು ಅಗಲಕ್ಕೆ ಸರಿದು ಲೈನಿಂಗನ್ನು ಅದುಮುತ್ತವೆ. ತಿರುಗುತ್ತಿರುವ ಲೈನಿಂಗ್ ತಟ್ಟೆಯೇ ಅವುಗಳನ್ನು ಇನ್ನಷ್ಟು ಎಳೆದುಕೊಳ್ಳುವುದರಿಂದ ಕಾಲಿನ ಬಲ ಹೆಚ್ಚು ಬೇಕಾಗುವುದಿಲ್ಲ. ಜಾಣ ಕೆಲಸ. ಆದರೆ ಜಾಣತನವೆಲ್ಲ ಆ ಗುಂಡುಗಳು ನುಣುಪಾಗಿ ಉರುಳುವವರೆಗೆ ಮಾತ್ರ. ತುಕ್ಕು ಬಂದರೆ ಕತೆ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಚಿನ ಗಾಡಿಗಳದು ಎಣ್ಣೆಯಲ್ಲಿ ಮುಳುಗಿರುವ ಡಿಸ್ಕು, ನಮ್ಮವರು ಕರೆಯುವಂತೆ ಆಯಿಲ್ ಬ್ರೇಕ್. ಹಳೆಯ ಗಾಡಿಯವರಿಗೆ ಅದು ಸದ್ಯಕ್ಕೆ ನೆರೆಮನೆಯ ಸಂಪತ್ತು.

ಬಿಚ್ಚುವ ಮೊದಲು ಪೆಡಲನ್ನು ಕೇಳಿ

ಪೆಡಲ್ ತುಂಬ ಕೆಳಗೆ ಹೋಗುತ್ತದೆ, ಆದರೆ ಹಿಡಿದ ಮೇಲೆ ಗಟ್ಟಿಯಾಗಿ ಹಿಡಿಯುತ್ತದೆ ಎಂದಾದರೆ ಗಾಬರಿಯಿಲ್ಲ. ಲೈನಿಂಗ್ ಸ್ವಲ್ಪ ಸವೆದಿದೆ ಅಥವಾ ರಾಡಿನ ಪಿನ್ನುಗಳಲ್ಲಿ ಸಡಿಲಿದೆ. ಬಿಗಿಸಿದರೆ ಸರಿಹೋಗುವ ರೋಗ ಇದು.

ಪೆಡಲ್ ಮೇಲೆಯೇ ಗಟ್ಟಿಯಾಗಿ ನಿಲ್ಲುತ್ತದೆ, ನೀವು ಸೀಟಿನಿಂದ ಎದ್ದು ನಿಂತು ತುಳಿದರೂ ಗಾಡಿ ಮಾತ್ರ ಜಾರುತ್ತಲೇ ಇದೆ ಎಂದರೆ ಅದು ಬೇರೆ ರೋಗ. ಲೈನಿಂಗ್ ಡ್ರಮ್ಮಿಗೆ ಮುಟ್ಟುತ್ತಿದೆ, ಹಿಡಿತವಿಲ್ಲ. ಎಣ್ಣೆ ಕುಡಿದಿದೆ ಅಥವಾ ಕಾದು ಕಾದು ಗಾಜಿನಂತೆ ನುಣುಪಾಗಿದೆ. ಇದನ್ನು ಬಿಗಿಸುವವನು ಮೆಕ್ಯಾನಿಕ್ಕಾಗಲಿ ಮಾಲೀಕನಾಗಲಿ, ತನ್ನನ್ನೇ ಮೋಸಗೊಳಿಸಿಕೊಳ್ಳುತ್ತಾನೆ.

ಒಣಗಿದ್ದಾಗ ಚೆನ್ನಾಗಿದ್ದು ತೋಡು ದಾಟಿದ ಮೇಲೆ ಹಿಡಿಯದಿದ್ದರೆ ಒಳಗೆ ನೀರು ಹೊಕ್ಕಿದೆ. ನಿಧಾನವಾಗಿ ಓಡಿಸುತ್ತಾ ಹತ್ತು ಬಾರಿ ಮೆಲ್ಲಗೆ ಅದುಮಿದರೆ ಒಣಗಿ ದಾರಿಗೆ ಬರಬೇಕು. ಬರಲಿಲ್ಲ ಎಂದರೆ ಹೊಕ್ಕದ್ದು ನೀರಲ್ಲ, ಕೆಸರು. ಬೆಳಗ್ಗೆ ಮೊದಲ ಸಲ ಮೆಟ್ಟಿದಾಗ ಮಾತ್ರ ಗಕ್ಕನೆ ಕಚ್ಚುವುದು ಡ್ರಮ್ಮಿನ ಒಳಮೈಯ ತೆಳು ತುಕ್ಕಿನಿಂದ. ಮಳೆಗಾಲದಲ್ಲಿ ಅದು ನೆಗಡಿಯಿದ್ದ ಹಾಗೆ, ತಾನಾಗಿ ಹೋಗುತ್ತದೆ. ಕಬ್ಬಿಣ ಕೆರೆಯುವ ಸದ್ದು ಬಂದರೆ ಮಾತ್ರ ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ. ಲೈನಿಂಗ್ ಮುಗಿದು ರಿವಿಟಿನ ತಲೆ ಡ್ರಮ್ಮನ್ನು ಉಳುತ್ತಿದೆ ಎಂದು ಅರ್ಥ.

ಟ್ರ್ಯಾಕ್ಟರಿನಲ್ಲಿ ಹಿಂದಿನ ಎರಡು ಚಕ್ರಗಳಿಗೆ ಬೇರೆ ಬೇರೆ ಬ್ರೇಕ್, ಬೇರೆ ಬೇರೆ ಪೆಡಲ್. ಎಡ ಬಲಗಳಲ್ಲಿ ಯಾವುದು ಕೆಟ್ಟಿದೆ ಎಂದು ತಿಳಿಯಲು ನಾನು ಮಾಡುವ ಪರೀಕ್ಷೆ ಸುಲಭದ್ದು. ಒಂದು ಕಿಲೋಮೀಟರ್ ಓಡಿಸಿ, ನಡುನಡುವೆ ಬ್ರೇಕ್ ಹಾಕಿ, ನಿಲ್ಲಿಸಿ ಎರಡೂ ಡ್ರಮ್ಮಿನ ಹತ್ತಿರ ಅಂಗೈ ಒಯ್ಯಿರಿ. ಒಂದು ಬಿಸಿ, ಇನ್ನೊಂದು ತಣ್ಣಗೆ ಎಂದರೆ ತಣ್ಣಗಿರುವುದು ಸಂಬಳ ತೆಗೆದುಕೊಂಡು ಕೆಲಸ ಮಾಡದ್ದು. ಬ್ರೇಕ್ ಹಾಕದೆಯೇ ಬಿಸಿಯಾಗಿದ್ದರೆ ಶೂ ಬಿಡಿಸಿಕೊಳ್ಳದೆ ಉಜ್ಜುತ್ತಿದೆ. ಸ್ಪ್ರಿಂಗ್ ಸೋತಿರಬಹುದು, ಕ್ಯಾಮಿನ ಶಾಫ್ಟು ತುಕ್ಕು ಹಿಡಿದಿರಬಹುದು.

ಬಿಗಿಸುವುದಾದರೆ ಎಲ್ಲಿ ಬಿಗಿಸಬೇಕು?

ಇಲ್ಲಿ ತಪ್ಪುವವರೇ ಹೆಚ್ಚು. ಡ್ರಮ್ ಬ್ರೇಕಿನಲ್ಲಿ ಬಿಗಿಸುವ ಜಾಗಗಳು ಎರಡು: ಒಂದು ಪೆಡಲಿನಿಂದ ಹಿಂದಕ್ಕೆ ಹೋಗುವ ರಾಡಿನ ತುದಿಯ ನಟ್ಟು, ಇನ್ನೊಂದು ಡ್ರಮ್ಮಿನೊಳಗೆ ಶೂಗಳ ನಡುವಿನ ಹಲ್ಲಿನ ಚಕ್ರ. ರಾಡಿನ ನಟ್ಟು ಕೈಗೆ ಸಿಗುತ್ತದೆ, ಐದು ನಿಮಿಷದ ಕೆಲಸ. ಅದಕ್ಕೇ ಎಲ್ಲರೂ ಅದನ್ನೇ ತಿರುಗಿಸುತ್ತಾರೆ. ಲೈನಿಂಗ್ ಸವೆದಷ್ಟೂ ರಾಡನ್ನು ಗಿಡ್ಡ ಮಾಡುತ್ತಾ ಹೋದರೆ ಒಳಗೆ ಕ್ಯಾಮ್ ಪ್ರತಿಸಲ ಇನ್ನಷ್ಟು ಅಡ್ಡಕ್ಕೆ ತಿರುಗಿ ನಿಲ್ಲುತ್ತದೆ. ಒಂದು ಹಂತ ದಾಟಿದರೆ ಅದು ಮಗುಚಿಕೊಂಡು, ಬ್ರೇಕ್ ಹಾಕಿದ್ದು ಹಾಕಿದಂತೆಯೇ ಉಳಿದುಬಿಡುತ್ತದೆ. ಶೂವಿನ ಸವೆತಕ್ಕೆ ಮದ್ದು ಶೂವಿನ ಹತ್ತಿರವೇ ಆಗಬೇಕು. ರಾಡಿನ ನಟ್ಟು ಪೆಡಲಿನ ಎತ್ತರವನ್ನು ಹೊಂದಿಸಲು ಮಾತ್ರ.

ಅದನ್ನು ಮಾಡುವ ಬಗೆ ಹೀಗೆ. ಸಮತಟ್ಟಾದ ಗಟ್ಟಿ ನೆಲ ಬೇಕು; ಸಗಣಿ ಸಾರಿಸಿದ ಅಂಗಳ ಸಾಲದು, ಜಾಕಿ ಹೂತುಹೋಗುತ್ತದೆ. ಮುಂದಿನ ಚಕ್ರಗಳಿಗೆ ಹಿಂದೂ ಮುಂದೂ ಮುರಕಲ್ಲಿನ ತುಂಡು ಕೊಟ್ಟು, ಗೇರ್ ನ್ಯೂಟ್ರಲಿನಲ್ಲಿಟ್ಟು, ಹಿಂದಿನ ಆಕ್ಸಲಿನ ಅಡಿಗೆ ಜಾಕಿ ಹಾಕಿ ಎತ್ತಿ. ಎತ್ತಿದ ಕೂಡಲೇ ದಪ್ಪ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡವಿಟ್ಟು ಅದರ ಮೇಲೆ ಭಾರ ಇಳಿಸಿ. ಜಾಕಿಯನ್ನು ನಂಬಿ ಗಾಡಿಯಡಿ ಕೈ ಹಾಕಬಾರದು. ಹಿಂಬದಿಯ ತಗಡಿನಲ್ಲಿಯೋ ಡ್ರಮ್ಮಿನಲ್ಲಿಯೋ ಒಂದು ಕಿಂಡಿ ಇರುತ್ತದೆ, ಅದಕ್ಕೊಂದು ರಬ್ಬರ್ ಮುಚ್ಚಳ. ಸ್ಕ್ರೂ ಡ್ರೈವರಿನ ತುದಿಯಿಂದ ಒಳಗಿನ ಹಲ್ಲಿನ ಚಕ್ರವನ್ನು ಟಕ್ ಟಕ್ ಎಂದು ಒಂದೊಂದೇ ಹಲ್ಲು ತಿರುಗಿಸುತ್ತಾ, ಇನ್ನೊಂದು ಕೈಯಲ್ಲಿ ಟಯರನ್ನು ತಿರುಗಿಸುತ್ತಿರಬೇಕು. ಚಕ್ರ ಬಿಗಿದು ನಿಂತಾಗ, ಕೈಪಿಡಿ ಹೇಳುವಷ್ಟು ಹಲ್ಲು ಹಿಂದಕ್ಕೆ ಬಿಡಿ. ಕೈಪಿಡಿ ಇಲ್ಲದಿದ್ದರೆ ಟಯರ್ ಉಜ್ಜದೆ ಸಲೀಸಾಗಿ ತಿರುಗುವವರೆಗೆ ಬಿಡಿ. ಎರಡೂ ಬದಿ ಹೀಗೆ ಆದ ಮೇಲೆಯೇ ರಾಡಿನ ನಟ್ಟು. ಎಡ ಬಲ ಪೆಡಲುಗಳ ತಲೆ ಒಂದೇ ಎತ್ತರಕ್ಕೆ ಬರಬೇಕು. ನನ್ನ ಗಾಡಿಯಲ್ಲಿ ಎರಡು ಬೆರಳಿನಷ್ಟು ಖಾಲಿ ಚಲನೆ ಇಟ್ಟುಕೊಂಡಿದ್ದೇನೆ; ನಿಮ್ಮ ಗಾಡಿಯದ್ದನ್ನು ಅದರ ಕೈಪಿಡಿಯಲ್ಲಿ ನೋಡಿ. ಕೊನೆಗೆ ಲಾಕ್ ನಟ್ಟು ಬಿಗಿಯಲು ಮರೆಯಬೇಡಿ.

ಆ ರಬ್ಬರ್ ಮುಚ್ಚಳದ ಬಗ್ಗೆ ಒಂದು ಮಾತು. ಹತ್ತು ಹಳೆಯ ಗಾಡಿ ನೋಡಿದರೆ ಹೆಚ್ಚಿನವುಗಳಲ್ಲಿ ಅದು ಇರುವುದೇ ಇಲ್ಲ. ಬಿಗಿಸಲು ಬಂದವನು ಕಿತ್ತು ಜೇಬಿಗೆ ಹಾಕಿಕೊಂಡು ಹೋಗಿರುತ್ತಾನೆ. ನಾಟಿಗೆ ಹದ ಮಾಡಿದ ಗದ್ದೆಯಲ್ಲಿ ಕೇಜ್ ವೀಲ್ (ಕೆಸರಿಗೆಂದು ಹಾಕುವ ಕಬ್ಬಿಣದ ಪಂಜರದ ಚಕ್ರ) ಎರಚುವ ಕೆಸರು ನೇರವಾಗಿ ಆ ತೂತಿನಿಂದ ಲೈನಿಂಗಿನ ಮೇಲೆ ಬೀಳುತ್ತದೆ. ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಅತ್ಯಂತ ಅಗ್ಗದ ವಸ್ತು ಇದು. ಸಿಗದಿದ್ದರೆ ಹಳೆಯ ಟ್ಯೂಬಿನ ರಬ್ಬರನ್ನು ಕತ್ತರಿಸಿ ತುರುಕಿ, ತೆರೆದು ಮಾತ್ರ ಬಿಡಬೇಡಿ.

ಬಿಗಿಸುವ ಮುನ್ನ ರಾಡಿನ ಪಿನ್ನುಗಳನ್ನೂ ಪೆಡಲ್ ಶಾಫ್ಟಿನ ಬುಷ್ಷನ್ನೂ ಕೈಯಿಂದ ಅಲ್ಲಾಡಿಸಿ ನೋಡಿ. ದುಂಡಗಿನ ತೂತು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಕಾಲಿನ ಅರ್ಧ ಬಲ ಅಲ್ಲಿಯೇ ಖರ್ಚಾಗುತ್ತಿದೆ. ನನ್ನ ಗಾಡಿಯಲ್ಲಿ ಎರಡು ಪಿನ್ನು, ಒಂದು ಬುಷ್ಷು ಬದಲಿಸಿದ್ದರಿಂದಲೇ ಪೆಡಲ್ ಮುಕ್ಕಾಲು ಪಾಲು ಸರಿಹೋಗಿತ್ತು; ಅದಕ್ಕೆ ಮುಂಚಿನ ಎರಡು ವರ್ಷ ಸುಮ್ಮನೆ ನಟ್ಟು ತಿರುಗಿಸಿದ್ದೆವು.

ಎಣ್ಣೆ ಬಂದಿದ್ದರೆ ಲೈನಿಂಗ್ ಎರಡನೆಯ ಮಾತು

ನಾನು ಕೈಸುಟ್ಟುಕೊಂಡದ್ದು ಇಲ್ಲಿ. ಒಂದು ಫೆಬ್ರವರಿಯಲ್ಲಿ ಎರಡೂ ಬದಿ ಹೊಸ ಲೈನಿಂಗ್ ಹಾಕಿಸಿದೆ. ಮೂರು ವಾರಕ್ಕೆ ಬಲಬದಿಯ ಬ್ರೇಕ್ ಮಾಯ. ಡ್ರಮ್ ತೆಗೆದರೆ ಲೈನಿಂಗ್ ಕಪ್ಪಗೆ ಹೊಳೆಯುತ್ತಿತ್ತು, ಒಲೆಯಿಂದ ಆಗಷ್ಟೇ ಇಳಿಸಿದ ದೋಸೆಕಲ್ಲಿನ ಹಾಗೆ. ಬಂದ ಮೆಕ್ಯಾನಿಕ್ಕು ಪೆಟ್ರೋಲಿನಲ್ಲಿ ತೊಳೆದು, ಬ್ಲೋ ಲ್ಯಾಂಪಿನ ಬೆಂಕಿ ಹಿಡಿದು, ಹೊಗೆ ನಿಲ್ಲುವವರೆಗೆ ಸುಟ್ಟು ಮತ್ತೆ ಕೂರಿಸಿದ. ಎರಡು ದಿನ ಚೆನ್ನಾಗಿ ಹಿಡಿಯಿತು. ಮೂರನೆಯ ದಿನ ಲೈನಿಂಗ್ ಬಿಸಿಯಾದಾಗ ಆಳದಲ್ಲಿದ್ದ ಎಣ್ಣೆ ಮತ್ತೆ ಮೇಲೆ ಬಂತು. ಎಣ್ಣೆ ಕುಡಿದ ಲೈನಿಂಗ್ ತೊಳೆಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅದನ್ನು ಎಸೆಯಬೇಕು, ಅಷ್ಟೇ.

ಗೇರ್ ಎಣ್ಣೆ ಬ್ರೇಕಿನತ್ತ ಬಾರದಂತೆ ತಡೆಯುವ ಆಯಿಲ್ ಸೀಲ್ ಬದಲಿಸಿ ಮತ್ತೊಮ್ಮೆ ಲೈನಿಂಗ್ ಹಾಕಿಸಿದೆವು. ಆ ಮಳೆಗಾಲದ ನಡುವೆ ಅದೇ ಬದಿ, ಅದೇ ರೋಗ. ಆಗ ಊರಿನಲ್ಲೊಬ್ಬರು ಹಿರಿಯರು, ಬಹಳ ವರ್ಷ ಬಸ್ಸಿನ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು, ನಮ್ಮ ಅಂಗಳಕ್ಕೆ ಬಂದು ಗಾಡಿಯ ಹಿಂದೆ ಕೈಕಟ್ಟಿ ನಿಂತು, "ಬ್ರೀದರ್ ನೋಡಿದಿರಾ?" ಎಂದರು. ಯಾರೂ ನೋಡಿರಲಿಲ್ಲ. ಹಿಂದಿನ ಗೇರ್ ಪೆಟ್ಟಿಗೆಯ ಮೇಲೆ ಸಣ್ಣ ಟೊಪ್ಪಿಯಂಥದ್ದೊಂದು ಇರುತ್ತದೆ, ಒಳಗಿನ ಗಾಳಿ ಹೊರಹೋಗುವ ದಾರಿ ಅದು. ನಮ್ಮದರಲ್ಲಿ ಅದು ಒಣಗಿದ ಕೆಸರು ತುಂಬಿ ಕಲ್ಲಾಗಿತ್ತು. ಗಾಡಿ ದಿನವಿಡೀ ದುಡಿದಾಗ ಒಳಗಿನ ಎಣ್ಣೆಯೂ ಗಾಳಿಯೂ ಕಾಯುತ್ತವೆ, ಗಾಳಿ ಹಿಗ್ಗುತ್ತದೆ, ಹೋಗಲು ದಾರಿಯಿಲ್ಲದೆ ಎಣ್ಣೆಯನ್ನು ಸೀಲಿನ ತುಟಿಯಿಂದಾಚೆ ತಳ್ಳುತ್ತದೆ. ಸೀಲ್ ಎಷ್ಟು ಹೊಸದಾದರೂ ಇದು ತಪ್ಪುವುದಿಲ್ಲ. ತಂತಿಯಿಂದ ಚುಚ್ಚಿ, ಡೀಸೆಲಿನಲ್ಲಿ ತೊಳೆದು ಹಾಕಿದೆವು, ಖರ್ಚು ಸೊನ್ನೆ. ಅದಕ್ಕೂ ಮುಂಚೆ ಎರಡು ಸೆಟ್ ಲೈನಿಂಗು, ಒಂದು ಸೀಲು, ಮೂರು ದಿನದ ಕೆಲಸ ಕೈಬಿಟ್ಟಿತ್ತು.

ಸೀಲಿನ ವಿಷಯದಲ್ಲಿ ನೋಡಬೇಕಾದ್ದು ಇನ್ನೆರಡಿದೆ. ಗೇರ್ ಎಣ್ಣೆ ಗುರುತಿಗಿಂತ ಮೇಲಿದೆಯೇ? "ಸ್ವಲ್ಪ ಹೆಚ್ಚಿದ್ದರೆ ಒಳ್ಳೆಯದೇ" ಎಂದು ಸುರಿಯುವವರಿದ್ದಾರೆ, ಒಳ್ಳೆಯದಲ್ಲ. ಎರಡನೆಯದು, ಚಕ್ರ ಎತ್ತಿದ್ದಾಗ ಟಯರಿನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಕಟಕಟ ಎನ್ನುತ್ತದೆಯೇ? ಎಂದರೆ ಬೇರಿಂಗ್ ಸವೆದಿದೆ. ಶಾಫ್ಟು ಕುಣಿಯುವಾಗ ಯಾವ ಸೀಲೂ ಬಾಳದು. ಬೇರಿಂಗ್ ಬದಲಿಸುವುದು ಮನೆಯಂಗಳದ ಕೆಲಸವಲ್ಲ, ಅದಕ್ಕೆ ಪ್ರೆಸ್ ಇರುವ ವರ್ಕ್‌ಶಾಪಿಗೇ ಹೋಗಬೇಕು.

ಹಳೆಯ ಶೂಗೆ ಲೈನಿಂಗೋ, ಹೊಸ ಶೂವೋ?

ನಮ್ಮ ಎರಡು ಜಿಲ್ಲೆಗಳಲ್ಲಿ ಖಾಸಗಿ ಬಸ್ಸುಗಳ ಓಡಾಟ ಜೋರು. ಆ ಪುಣ್ಯದಿಂದ ಮಂಗಳೂರು ಉಡುಪಿಗಳಲ್ಲಿ ಬ್ರೇಕ್ ಲೈನಿಂಗ್ ಕಟ್ಟುವ ಕೈಗಳಿಗೆ ಕೊರತೆಯಿಲ್ಲ. ಬಸ್ಸಿನ ಶೂಗೆ ಕಟ್ಟುವವರು ಟ್ರ್ಯಾಕ್ಟರಿನದಕ್ಕೂ ಕಟ್ಟುತ್ತಾರೆ. ಹಳೆಯ ಶೂ ಬಾಗಿಲ್ಲ, ಬಿರುಕಿಲ್ಲ, ರಿವಿಟಿನ ತೂತು ಹಿಗ್ಗಿಲ್ಲ, ಕ್ಯಾಮ್ ತಾಗುವ ತುದಿಯಲ್ಲಿ ಗುಳಿ ಬಿದ್ದಿಲ್ಲ ಎಂದಾದರೆ ನನ್ನ ಮತ ಹಳೆಯ ಶೂಗೆ. ಆ ಕಾಲದ ಕಬ್ಬಿಣ ಒಳ್ಳೆಯದು, ಖರ್ಚೂ ಹೊಸ ಶೂಗಿಂತ ಬಹಳ ಕಡಿಮೆ.

ಕೆಲಸ ನೋಡಿ ಕಲಿಯಿರಿ. ನಾನು ಕೊಡುವ ಅಂಗಡಿಯಲ್ಲಿ ಮೇಜಿಗೆ ಒಂದು ಕಬ್ಬಿಣದ ಕೋಲನ್ನು ನೆಟ್ಟಗೆ ಬಿಗಿದಿದ್ದಾರೆ. ರಿವಿಟಿನ ತಲೆಯನ್ನು ಆ ಕೋಲಿನ ಮೇಲೆ ಕೂರಿಸಿ, ಶೂವಿನ ಒಳಬದಿಯಿಂದ ಪಂಚಿಟ್ಟು ಸುತ್ತಿಗೆಯಿಂದ ಮೂರೇ ಏಟು. ಮೊದಲ ರಿವಿಟ್ ಶೂವಿನ ನಡುವಿನಲ್ಲಿ. ಅಲ್ಲಿಂದ ಆಚೆಗೊಂದು ಈಚೆಗೊಂದು ಹೀಗೆ ತುದಿಗೆ ಹೋಗುತ್ತಾರೆ. ತುದಿಯಿಂದ ಶುರು ಮಾಡಿದರೆ ಲೈನಿಂಗ್ ನಡುವಿನಲ್ಲಿ ಉಬ್ಬಿ ನಿಲ್ಲುತ್ತದೆ. ಮುಗಿದ ಮೇಲೆ ಶೂ ಮತ್ತು ಲೈನಿಂಗಿನ ಸಂದಿಗೆ ತೆಳು ಕಾಗದ ತೂರಿಸಿ ನೋಡಿ. ತೂರಿದರೆ ವಾಪಸು ಕೊಡಿ. ನನ್ನ ಎದುರೇ ಒಮ್ಮೆ ಆ ಹುಡುಗ ತಾನಾಗಿ ಕಾಗದ ತೂರಿಸಿ, ಮುಖ ಸಣ್ಣದು ಮಾಡಿ, ನಾಲ್ಕು ರಿವಿಟ್ ಕಿತ್ತು ಮತ್ತೆ ಹೊಡೆದ. ಅಂದಿನಿಂದ ನಾನು ಬೇರೆ ಅಂಗಡಿಗೆ ಹೋಗಿಲ್ಲ.

ರಿವಿಟ್ ಬೇಡ, ಅಂಟಿಸಿದ್ದು ಇದೆ ಎಂದು ಕೆಲವರು ಹೇಳುತ್ತಾರೆ. ಕಾರ್ಖಾನೆಯಲ್ಲಿ ಬಿಸಿಯಲ್ಲಿ ಒತ್ತಿ ಅಂಟಿಸಿದ ಲೈನಿಂಗ್ ಒಳ್ಳೆಯದೇ. ರಿವಿಟಿನ ತಲೆ ಇಲ್ಲದ ಕಾರಣ ಇನ್ನಷ್ಟು ತೆಳುವಾಗುವವರೆಗೆ ಸವೆಸಬಹುದು. ಆದರೆ ನಮ್ಮ ಹವೆಯಲ್ಲಿ ಕಬ್ಬಿಣಕ್ಕೂ ಅಂಟಿಗೂ ನಡುವೆ ತುಕ್ಕು ಹಬ್ಬಿ ಲೈನಿಂಗ್ ಸಿಪ್ಪೆಯಂತೆ ಏಳುವುದನ್ನು ಕಂಡಿದ್ದೇನೆ, ಅದೂ ಕಡಲ ಬದಿಯ ಉಪ್ಪುಗಾಳಿಯಲ್ಲಿ ನಿಲ್ಲುವ ಗಾಡಿಗಳಲ್ಲಿ. ಎದ್ದ ತುಂಡು ಡ್ರಮ್ಮಿಗೂ ಶೂಗೂ ನಡುವೆ ಸಿಕ್ಕಿಕೊಂಡರೆ ಆ ಚಕ್ರ ಅಲ್ಲಿಯೇ ಬಿಗಿದುಕೊಳ್ಳುತ್ತದೆ. ನನಗೆ ರಿವಿಟೇ ಇರಲಿ. ಲೈನಿಂಗಿನಲ್ಲಿಯೂ ನೆಯ್ದದ್ದು, ಅಚ್ಚಿನದು ಎಂದು ಎರಡಿದೆ. ನೆಯ್ದದ್ದು ಮೃದು, ಡ್ರಮ್ಮಿಗೆ ಹಿತ, ಆದರೆ ನೀರನ್ನೂ ಎಣ್ಣೆಯನ್ನೂ ಬೇಗ ಕುಡಿಯುತ್ತದೆ. ಕೆಸರು ಗದ್ದೆಗೆ ಹೋಗುವ ಗಾಡಿಗೆ ಅಚ್ಚಿನದು ಕೇಳಿ.

ಹೊಸ ಶೂ ತರುವುದೇ ಆದರೆ ಡ್ರಮ್ಮನ್ನೂ ಜೊತೆಗೆ ಒಯ್ಯಿರಿ. ಲೈನಿಂಗಿಗೆ ಸೀಮೆಸುಣ್ಣ ಬಳಿದು ಶೂವನ್ನು ಡ್ರಮ್ಮಿನೊಳಗೆ ಇಟ್ಟು ಆಚೀಚೆ ಉಜ್ಜಿ ತೆಗೆಯಿರಿ. ನಡುವಿನಲ್ಲಿ ಸುಣ್ಣ ಅಳಿಸಿದ್ದರೆ ಚಿಂತೆಯಿಲ್ಲ, ಓಡಿಸುತ್ತಾ ಕೂರುತ್ತದೆ. ಎರಡೂ ತುದಿಯಲ್ಲಿ ಮಾತ್ರ ಅಳಿಸಿದ್ದರೆ ಆ ಶೂ ನಿಮ್ಮದಲ್ಲ. ಗಕ್ಕನೆ ಕಚ್ಚುತ್ತದೆ, ಕಿರುಚುತ್ತದೆ. ಹೆಸರಿಲ್ಲದ ಪೊಟ್ಟಣದ ಮಾಲು ಇಲ್ಲಿಯೇ ಸೋಲುವುದು. ಒಂದು ಬದಿಗೆ ಮಾತ್ರ ಹೊಸತು ಹಾಕುವ ಉಳಿತಾಯ ಬೇಡ, ಗಾಡಿ ಆ ಬದಿಗೆ ಎಳೆಯುತ್ತದೆ.

ಡ್ರಮ್ಮಿನ ಒಳಮೈಯಲ್ಲಿ ಉಗುರು ಸಿಕ್ಕುವಷ್ಟು ಗೀರುಗಳಿದ್ದರೆ ಲೇತಿಗೆ ಕೊಟ್ಟು ತೆಳುವಾಗಿ ಸವರಿಸಿ, ಎರಡೂ ಬದಿ ಒಂದೇ ಅಳತೆಗೆ. ಬಿರುಕಿದ್ದರೆ ಬೆಸುಗೆಯ ಮಾತೇ ಬೇಡ. ಎರಕದ ಕಬ್ಬಿಣ ಅದು, ಗುಜರಿಗೆ ಹಾಕಿ.

ಒಂದು ಎಚ್ಚರಿಕೆ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಡ್ರಮ್ ತೆಗೆದ ಕೂಡಲೇ ಕಂಪ್ರೆಸರಿನ ಗಾಳಿ ಹೊಡೆಯುವ ಚಾಳಿ ಬಿಡಬೇಕು. ಆ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕಟ್ಟಿ ಎಸೆಯಿರಿ.

ಭಾವನ ಡಿಸ್ಕು

ಒಣ ಡಿಸ್ಕು ಇರುವವರಿಗೆ ಲೆಕ್ಕ ಬೇರೆ. ಬಿಗಿಸುವುದು ಸುಲಭ: ರಾಡಿನ ತುದಿಯ ನಟ್ಟು ಒಂದೇ. ಆದರೆ ಒಳಗಿನ ಗುಂಡುಗಳಿಗೆ ತೇವ ತಾಗಿದರೆ ನಟ್ಟಿನಿಂದ ಏನೂ ಆಗದು. ಭಾವ ಕೇಜ್ ವೀಲಿನಲ್ಲಿ ಏಣೆಲು (ಮಳೆಗಾಲದ ಮೊದಲ ಬೆಳೆಯ ಬೇಸಾಯ) ಮುಗಿಸಿ, ತೊಳೆಯದೆ ಗಾಡಿಯನ್ನು ಒಳಗಿಟ್ಟಿದ್ದ. ಎರಡು ತಿಂಗಳ ನಂತರ ಹೊರತೆಗೆದಾಗ ಎಡ ಚಕ್ರ ಬಿಡಿಸಿಕೊಳ್ಳಲೇ ಇಲ್ಲ. ಪೇಟೆಯಲ್ಲಿ ಹೊಸ ಡಿಸ್ಕು ಹಾಕಿಸಿಕೊಂಡು ಬಂದ, ಹದಿನೈದು ದಿನ ನಡೆಯಿತು, ಮತ್ತೆ ಅದೇ. ನಾವಿಬ್ಬರೂ ಕೂತು ಬಿಚ್ಚಿದಾಗ ನಡುವಿನ ತಟ್ಟೆಯ ಗುಳಿಗಳಲ್ಲಿ ತುಕ್ಕು ತಿಂದ ಹೊಂಡಗಳು. ಗುಂಡು ಹತ್ತಿ ಹೋದದ್ದು ಇಳಿದು ಬರಲು ಜಾಗವಿಲ್ಲ. ಲೈನಿಂಗ್ ಮಾತ್ರ ಹೊಚ್ಚಹೊಸದು!

ಹಾಗಾಗಿ ಡಿಸ್ಕಿನವರಿಗೆ ಸಲಹೆ: ಮೊದಲ ಹಣ ನಡುವಿನ ತಟ್ಟೆ, ಗುಂಡು, ಸ್ಪ್ರಿಂಗುಗಳಿಗೆ, ಉಳಿದದ್ದು ಲೈನಿಂಗಿಗೆ. ಗುಳಿ ನುಣುಪಾಗಿದ್ದರೆ ಪಾಲಿಶ್ ಪೇಪರ್ ಸಾಕು, ಹೊಂಡ ಬಿದ್ದಿದ್ದರೆ ತಟ್ಟೆಯನ್ನೇ ಬದಲಿಸಿ. ತಿರುಗುವ ಡಿಸ್ಕು ಶಾಫ್ಟಿನ ಹಲ್ಲುಗಳ ಮೇಲೆ ಬೆರಳಲ್ಲಿ ತಳ್ಳಿದರೆ ಜಾರಬೇಕು. ಲೈನಿಂಗಿಗೆ ಗ್ರೀಸಿನ ಬೆರಳು ತಾಗಲೇಬಾರದು. ಉದಾಸೀನವನ್ನು ಡ್ರಮ್ಮು ಸ್ವಲ್ಪಮಟ್ಟಿಗೆ ಕ್ಷಮಿಸುತ್ತದೆ, ಒಣ ಡಿಸ್ಕು ಕ್ಷಮಿಸುವುದಿಲ್ಲ.

ಆಯಿಲ್ ಬ್ರೇಕಿಗೆ ಹೋಗುವ ಆಸೆ

ಕೆಸರು ಗದ್ದೆಗೆ ಅದಕ್ಕಿಂತ ಒಳ್ಳೆಯದಿಲ್ಲ, ಒಪ್ಪುತ್ತೇನೆ. ಮುಚ್ಚಿದ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಮುಳುಗಿದ ಡಿಸ್ಕಿಗೆ ಕೆಸರಿನ ಹಂಗಿಲ್ಲ, ಸವೆತವೂ ನಿಧಾನ. ಆದರೆ ಹಳೆಯ ಗಾಡಿಗೆ ಅದನ್ನು ಕೂರಿಸುವುದೆಂದರೆ ಹಿಂದಿನ ಆಕ್ಸಲಿನ ಪೆಟ್ಟಿಗೆಗಳನ್ನೇ ಬೇರೆ ಗಾಡಿಯಿಂದ ತಂದು ಜೋಡಿಸಬೇಕು. ಮೂಗಿಗಿಂತ ಮೂಗುತಿ ಭಾರ. ಅಷ್ಟು ಹಣವಿದ್ದರೆ ಹಳೆಯದನ್ನು ಕೊಟ್ಟು ಆಯಿಲ್ ಬ್ರೇಕ್ ಇರುವ ಸೆಕೆಂಡ್ ಹ್ಯಾಂಡ್ ಗಾಡಿಯನ್ನೇ ನೋಡಿ. ಕೊಳ್ಳುವಾಗ ಗೇರ್ ಎಣ್ಣೆಯನ್ನು ಬೆರಳಿಗೆ ಹಚ್ಚಿ ನೋಡಿ. ಹಾಲು ಬೆರೆಸಿದ ಚಹಾದ ಬಣ್ಣವಿದ್ದರೆ ನೀರು ಹೊಕ್ಕಿದೆ. ಬ್ರೇಕ್ ಹಾಕಿದಾಗ ಗುರ್ ಎಂದು ನಡುಗಿದರೆ ಯಾರೋ ಹಳೆಯ ರೂಢಿಯಲ್ಲಿ 90 ನಂಬರಿನ ಗೇರ್ ಎಣ್ಣೆ ಸುರಿದಿರಬಹುದು. ಈ ಬ್ರೇಕಿಗೆ ಅದಕ್ಕೆಂದೇ ಬರುವ ಎಣ್ಣೆಯೇ ಆಗಬೇಕು. ಒಳಗಿನ ಡಿಸ್ಕು ಹೋಗಿದ್ದರೆ ಆಕ್ಸಲ್ ಬಿಚ್ಚುವ ದೊಡ್ಡ ಕೆಲಸ.

ಮಳೆಗೆ ಹತ್ತೇ ದಿನ ಇದ್ದರೆ

ಪೆಡಲ್ ಇಳಿದರೂ ಹಿಡಿತವಿದ್ದರೆ ಶೂವಿನ ಹತ್ತಿರ ಬಿಗಿಸಿ, ಪಿನ್ನು ಬದಲಿಸಿ, ಏಣೆಲು ಮುಗಿಸಿ. ಹಿಡಿತವೇ ಇಲ್ಲದಿದ್ದರೆ ಬಿಚ್ಚಿ. ಎಣ್ಣೆ ಕಂಡರೆ ಬ್ರೀದರ್, ಸೀಲ್, ಆಮೇಲೆ ಲೈನಿಂಗ್, ಇದೇ ಕ್ರಮದಲ್ಲಿ. ಮೆಕ್ಯಾನಿಕ್ಕು ಸಿಗದಿದ್ದರೆ ಆ ನಾಲ್ಕು ದಿನದ ಉಳುಮೆಗೆ ಕೃಷಿ ಯಂತ್ರಧಾರೆಯ ಬಾಡಿಗೆ ಟ್ರ್ಯಾಕ್ಟರ್ ತನ್ನಿ, ನಿಮ್ಮದನ್ನು ನಿಧಾನವಾಗಿ ರಿಪೇರಿ ಮಾಡಿಸಿ. ಮಜಲು ಗದ್ದೆಯಲ್ಲಿ ಬ್ರೇಕಿಲ್ಲದೆ ಹೇಗೋ ಉಳಬಹುದು, ಹುಣಿಯೇ (ಗದ್ದೆಯ ಬದುವೇ) ನಿಲ್ಲಿಸುತ್ತದೆ. ಅಪಾಯವಿರುವುದು ಗದ್ದೆಯಿಂದ ಹೊರಬಂದ ಮೇಲೆ. ಮುರಕಲ್ಲು ತುಂಬಿದ ಟ್ರೇಲರಿಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ, ನಮ್ಮ ಕಡೆಯ ಇಳಿಜಾರಿನಲ್ಲಿ ಅದು ಹಿಂದಿನಿಂದ ನೂಕುತ್ತಿರುವಾಗ ನಿಲ್ಲಿಸಬೇಕಾದ್ದು ಆ ಎರಡು ಹಳೆಯ ಡ್ರಮ್ಮುಗಳೇ. ಯಾವ ಗೇರಿನಲ್ಲಿ ಆ ಏರು ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಬೇಡಿ.

ಗದ್ದೆಯಲ್ಲಿ ತಿರುಗಿಸಲೆಂದು ಬಿಡಿಸಿದ ಪೆಡಲುಗಳ ನಡುವಿನ ಕೊಂಡಿಯನ್ನು ಡಾಂಬರು ರಸ್ತೆ ಹತ್ತುವ ಮೊದಲು ಹಾಕಿ. ಓಟದಲ್ಲಿ ಒಂದೇ ಪೆಡಲಿಗೆ ಕಾಲು ಬಿದ್ದರೆ ಒಂದು ಚಕ್ರ ನಿಂತು ಗಾಡಿ ಮಗುಚುತ್ತದೆ. ನನ್ನ ಗಾಡಿಯ ಕೊಂಡಿ ತುಕ್ಕಿನಿಂದ ಗಿಡಿದು ಹಾಕಲು ಬರುತ್ತಿರಲಿಲ್ಲ; ಈಗ ಅದಕ್ಕೆ ಎಣ್ಣೆ ಬಿಟ್ಟು, ಕೆಂಪು ಬಣ್ಣ ಬಳಿದು, ಗದ್ದೆಯ ಬಾಯಿಯಲ್ಲಿರುವ ಹಲಸಿನ ಮರದಡಿ ಗಾಡಿ ನಿಲ್ಲಿಸಿ ಹಾಕಿಯೇ ಮುಂದೆ ಹೋಗುತ್ತೇನೆ. ಅಲ್ಲಿಂದ ಮನೆಯವರೆಗೆ ಎರಡನೇ ಗೇರಿನಲ್ಲಿ ಬ್ರೇಕನ್ನು ಮೆಲ್ಲಗೆ ಅದುಮುತ್ತಾ ಬಂದರೆ ಅಂಗಳ ಸೇರುವಷ್ಟರಲ್ಲಿ ಡ್ರಮ್ಮಿನಿಂದ ತುಸು ಹಬೆ ಏಳುತ್ತದೆ, ಲೈನಿಂಗ್ ಒಣಗಿರುತ್ತದೆ.